ಗೇಮ್ ನಿಮ್ಮದು, ಗ್ರಾಫಿಕ್ಸ್ ಭಾಷೆ ಯಾರದ್ದು? ಡೈರೆಕ್ಟ್‌ಎಕ್ಸ್, ವಲ್ಕನ್, ಮೆಟಲ್ ಪೈಪೋಟಿಯ ಕತೆ

ಯಾವುದಾದರೂ ಹೊಸ ಪಿಸಿ ಗೇಮಿನ ಪುಟ ತೆಗೆದು ಕೆಳಗೆ ಸ್ಕ್ರೋಲ್ ಮಾಡಿ. ‘ಕನಿಷ್ಠ ಅಗತ್ಯಗಳು’ ಅನ್ನೋ ಪಟ್ಟಿಯಲ್ಲಿ ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡ್ ಆದ ಮೇಲೆ ಒಂದು ಸಣ್ಣ ಸಾಲು ಇರುತ್ತೆ: ‘ಡೈರೆಕ್ಟ್‌ಎಕ್ಸ್, ಆವೃತ್ತಿ 12’. ಹೆಚ್ಚಿನವರು ಅದನ್ನು ಓದೋದೇ ಇಲ್ಲ. ಆದರೆ ನೀವು ಯಾವ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಬೇಕು, ಹಳೇ ಕಂಪ್ಯೂಟರ್ ಇನ್ನೆಷ್ಟು ವರ್ಷ ಕೆಲಸಕ್ಕೆ ಬರುತ್ತೆ, ಇವತ್ತು ದುಡ್ಡು ಕೊಟ್ಟು ಕೊಂಡ ಗೇಮ್ ಹತ್ತು ವರ್ಷ ಆದ ಮೇಲೆ ತೆರೆದುಕೊಳ್ಳುತ್ತಾ ಇಲ್ವಾ, ಇಷ್ಟನ್ನೂ ಆ ಒಂದು ಸಾಲು ಬಹುಮಟ್ಟಿಗೆ ತೀರ್ಮಾನ ಮಾಡಿರುತ್ತೆ.

ಆಪ್ ಸ್ಟೋರ್ ಕಮಿಷನ್, ಡೇಟಾ ಖಾಸಗಿತನ, ಇಂಟರ್ನೆಟ್ ಬಂದ್ ಇವುಗಳ ಬಗ್ಗೆ ನಾವು ಸಾಕಷ್ಟು ಜಗಳ ಆಡ್ತೇವೆ. ಗ್ರಾಫಿಕ್ಸ್ ಎಪಿಐ ಅಂದ ತಕ್ಷಣ ಮಾತ್ರ ‘ಅದು ಟೆಕ್ನಿಕಲ್ ವಿಷಯ, ಇಂಜಿನಿಯರುಗಳು ನೋಡಿಕೊಳ್ತಾರೆ’ ಅಂತ ಬಿಟ್ಟುಬಿಡ್ತೇವೆ. ನನ್ನ ಪ್ರಕಾರ ಅದು ಅಧಿಕಾರದ ವಿಷಯವೂ ಹೌದು. ಮೂರು ದಶಕಗಳ ಈ ಪೈಪೋಟಿ ಹೇಗೆ ನಡೆಯಿತು, ಈಗ ಯಾರು ಎಲ್ಲಿ ನಿಂತಿದ್ದಾರೆ, ಇದರಲ್ಲಿ ನಮ್ಮ ಪಾಲೇನು ಅನ್ನೋದನ್ನು ಕೋಡಿಂಗ್ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೆ ಇಲ್ಲಿ ಬಿಡಿಸಿ ಇಡ್ತೇನೆ.

ಎಪಿಐ ಅಂದರೆ ಏನು?

ಗ್ರಾಫಿಕ್ಸ್ ಚಿಪ್, ಅಂದರೆ ಜಿಪಿಯು, ಒಂದೇ ಹೊತ್ತಿಗೆ ಸಾವಿರಾರು ಸಣ್ಣ ಲೆಕ್ಕ ಮಾಡುತ್ತೆ. ಪರದೆ ಮೇಲಿನ ಪ್ರತಿ ಚುಕ್ಕಿಗೂ ಯಾವ ಬಣ್ಣ ಅಂತ ನಿರ್ಧರಿಸೋದು ಅದರ ಮುಖ್ಯ ಕೆಲಸ. ಸೆಕೆಂಡಿಗೆ 60 ಚಿತ್ರ ಬೇಕು ಅಂದರೆ ಒಂದೊಂದು ಚಿತ್ರಕ್ಕೆ ಸಿಗೋ ಸಮಯ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಎನ್ವಿಡಿಯಾ, ಎಎಂಡಿ, ಇಂಟೆಲ್, ಕ್ವಾಲ್ಕಾಮ್, ಆಪಲ್ ಹೀಗೆ ಒಬ್ಬೊಬ್ಬರ ಚಿಪ್ಪಿನ ಒಳಭಾಷೆ ಒಂದೊಂದು ಥರ. ಗೇಮ್ ಬರೆಯೋರು ಪ್ರತಿ ಚಿಪ್ಪಿಗೂ ಬೇರೆ ಬೇರೆ ಕೋಡ್ ಬರೀತಾ ಕೂತರೆ ಗೇಮ್ ಮುಗಿಯೋದೇ ಇಲ್ಲ.

ತಾಲೂಕು ಕಚೇರಿ ಮುಂದೆ ಅರ್ಜಿ ಬರೆದುಕೊಡೋರು ಕೂತಿರ್ತಾರಲ್ಲ, ಅವರನ್ನು ನೆನಪು ಮಾಡಿಕೊಳ್ಳಿ. ನೀವು ವಿಷಯ ಹೇಳ್ತೀರಿ, ಅವರು ಅದನ್ನು ಕಚೇರಿ ಒಪ್ಪೋ ಭಾಷೆಯಲ್ಲಿ ಬರೆದು ಕೊಡ್ತಾರೆ. ಜಿಪಿಯು ಲೋಕದಲ್ಲಿ ಆ ಕೆಲಸ ಮಾಡೋದು ಡ್ರೈವರ್ ಅನ್ನೋ ತಂತ್ರಾಂಶ. ಅದನ್ನು ಬರೆಯೋರು ಚಿಪ್ ಕಂಪನಿಯವರು. ಡ್ರೈವರ್‌ಗೆ ನೀವು ಯಾವ ಪದಗಳಲ್ಲಿ, ಯಾವ ಕ್ರಮದಲ್ಲಿ ವಿಷಯ ಹೇಳಬೇಕು ಅನ್ನೋ ಒಪ್ಪಂದವೇ ಎಪಿಐ.

ಈ ಒಪ್ಪಂದಗಳನ್ನು ಎರಡು ಪ್ರಶ್ನೆ ಕೇಳಿ ವಿಂಗಡಿಸಬಹುದು. ಮೊದಲನೆಯದು, ಅದು ಎಷ್ಟು ಜವಾಬ್ದಾರಿಯನ್ನು ಡ್ರೈವರ್‌ಗೆ ಬಿಡುತ್ತೆ? ಹೆಚ್ಚು ಬಿಟ್ಟರೆ ಹೈ-ಲೆವೆಲ್, ಕಡಿಮೆ ಬಿಟ್ಟು ಎಲ್ಲವನ್ನೂ ಗೇಮ್ ಬರೆಯೋರ ಕೈಗೆ ಕೊಟ್ಟರೆ ಲೋ-ಲೆವೆಲ್. ಎರಡನೆಯದು, ಅದರ ಒಡೆಯ ಯಾರು? ಒಂದು ಕಂಪನಿಯ ಯಂತ್ರಗಳಲ್ಲಷ್ಟೇ ನಡೆಯುತ್ತಾ, ಅಥವಾ ಎಲ್ಲರ ಯಂತ್ರದಲ್ಲೂ ನಡೆಯುವ ಕ್ರಾಸ್-ಪ್ಲಾಟ್‌ಫಾರ್ಮ್ ಮಾನದಂಡವಾ? ಮಾಧ್ಯಮಗಳಲ್ಲಿ ಬರೋ ಚರ್ಚೆ ಸಾಮಾನ್ಯವಾಗಿ ಮೊದಲ ಪ್ರಶ್ನೆಗೇ ನಿಂತುಬಿಡುತ್ತೆ: ಯಾವುದರಲ್ಲಿ ಎಷ್ಟು ಫ್ರೇಮ್ ಜಾಸ್ತಿ ಬಂತು ಅನ್ನೋದು. ನನಗೆ ಎರಡನೆಯದು ಹೆಚ್ಚು ಮುಖ್ಯ ಅನ್ನಿಸುತ್ತೆ.

ಮೊದಲ ಸುತ್ತು: ಓಪನ್‌ಜಿಎಲ್ ಮತ್ತು ಡೈರೆಕ್ಟ್‌ತ್ರೀಡಿ

1992ರಲ್ಲಿ ಸಿಲಿಕಾನ್ ಗ್ರಾಫಿಕ್ಸ್ ಅನ್ನೋ ಅಮೆರಿಕನ್ ಕಂಪನಿ ತನ್ನ ಸ್ವಂತ ಗ್ರಾಫಿಕ್ಸ್ ವ್ಯವಸ್ಥೆಯನ್ನು ಆಧಾರವಾಗಿಟ್ಟುಕೊಂಡು ಓಪನ್‌ಜಿಎಲ್ ಬಿಡುಗಡೆ ಮಾಡಿತು. ಅದನ್ನು ನೋಡಿಕೊಳ್ಳೋಕೆ ಹಲವು ಕಂಪನಿಗಳ ಮಂಡಳಿ ಇತ್ತು. ಆ ಮಂಡಳಿಯಲ್ಲಿ ಮೈಕ್ರೋಸಾಫ್ಟ್ ಕೂಡ ಸದಸ್ಯ. ಆಗ ಇದು ಗೇಮಿಗಾಗಿ ಹುಟ್ಟಿದ್ದಲ್ಲ. ವಿನ್ಯಾಸ, ವಿಜ್ಞಾನ, ಸಿನಿಮಾ ಕೆಲಸದ ದುಬಾರಿ ಯಂತ್ರಗಳಿಗೆ ಹುಟ್ಟಿದ್ದು.

ಮೈಕ್ರೋಸಾಫ್ಟ್‌ಗೆ ಬೇರೆ ತಲೆನೋವಿತ್ತು. ಗೇಮ್ ಕಂಪನಿಗಳು ಇನ್ನೂ ಡಾಸ್ ಬಿಟ್ಟು ವಿಂಡೋಸ್‌ಗೆ ಬರೋಕೆ ಒಪ್ಪುತ್ತಿರಲಿಲ್ಲ. 1995ರಲ್ಲಿ ಅದು ಡೈರೆಕ್ಟ್‌ಎಕ್ಸ್ ತಂತು. ಅದೇ ವರ್ಷ ರೆಂಡರ್‌ಮಾರ್ಫಿಕ್ಸ್ ಅನ್ನೋ ಬ್ರಿಟಿಷ್ ಕಂಪನಿಯನ್ನು ಕೊಂಡು, ಅದರ ತಂತ್ರಜ್ಞಾನದ ಮೇಲೆ ಡೈರೆಕ್ಟ್‌ತ್ರೀಡಿ ಕಟ್ಟಿ, 1996ರಲ್ಲಿ ಹೊರಬಿಟ್ಟಿತು. ಮೊದಲ ಆವೃತ್ತಿಗಳನ್ನು ಬಳಸೋದು ಕಷ್ಟದ ಕೆಲಸ ಅನ್ನೋ ದೂರು ವ್ಯಾಪಕವಾಗಿತ್ತು. ‘ಡೂಮ್’, ‘ಕ್ವೇಕ್’ ಬರೆದ ಜಾನ್ ಕಾರ್ಮ್ಯಾಕ್ 1996ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿಯೇ ಅದನ್ನು ಟೀಕಿಸಿ ಓಪನ್‌ಜಿಎಲ್ ಪರ ನಿಂತರು. 1997ರಲ್ಲಿ ಗೇಮ್ ಡೆವಲಪರುಗಳು ಮೈಕ್ರೋಸಾಫ್ಟ್‌ಗೆ ಬಹಿರಂಗ ಪತ್ರ ಬರೆದು, ವಿಂಡೋಸ್‌ನಲ್ಲಿ ಓಪನ್‌ಜಿಎಲ್‌ಗೂ ಸರಿಯಾದ ಬೆಂಬಲ ಕೊಡಿ ಅಂತ ಕೇಳಿದರು.

ಇದೇ ಹೊತ್ತಿಗೆ ಮೂರನೆಯವರೊಬ್ಬರು ಇದ್ದರು. ವೂಡೂ ಕಾರ್ಡ್ ಮಾಡುತ್ತಿದ್ದ ತ್ರೀಡಿಎಫ್‌ಎಕ್ಸ್ ತನ್ನದೇ ಆದ ಗ್ಲೈಡ್ ಅನ್ನೋ ಎಪಿಐ ಇಟ್ಟುಕೊಂಡಿತ್ತು. ವೇಗ ಚೆನ್ನಾಗಿತ್ತು, ಗೇಮುಗಳೂ ಸಾಲಾಗಿ ಬಂದವು. 2000ದ ಡಿಸೆಂಬರ್‌ನಲ್ಲಿ ತ್ರೀಡಿಎಫ್‌ಎಕ್ಸ್‌ನ ಆಸ್ತಿಯನ್ನು ಎನ್ವಿಡಿಯಾ ಕೊಂಡಿತು, ಗ್ಲೈಡ್ ಅಲ್ಲಿಗೆ ಮುಗಿಯಿತು. ಗ್ಲೈಡನ್ನೇ ನಂಬಿ ಬರೆದ ಗೇಮುಗಳನ್ನು ಇವತ್ತು ಆಡಬೇಕು ಅಂದರೆ ಅಭಿಮಾನಿಗಳು ಬರೆದ ಅನುವಾದ ತಂತ್ರಾಂಶ ಹುಡುಕಬೇಕು. ಒಂದೇ ಕಂಪನಿಯ ಎಪಿಐ ಮೇಲೆ ಕಟ್ಟಿದ ಗೇಮಿನ ಆಯಸ್ಸು ಆ ಕಂಪನಿಯ ಆಯಸ್ಸಿಗೆ ಗಂಟುಬಿದ್ದಿರುತ್ತೆ ಅನ್ನೋದಕ್ಕೆ ಇದು ಮೊದಲ ದೊಡ್ಡ ಉದಾಹರಣೆ.

ಮುಂದೆ ಡೈರೆಕ್ಟ್‌ತ್ರೀಡಿ ಗೆದ್ದಿತು. ಬರೀ ಒತ್ತಡದಿಂದ ಗೆದ್ದಿತು ಅಂದರೆ ಸುಳ್ಳಾಗುತ್ತೆ. ಮೈಕ್ರೋಸಾಫ್ಟ್ ಆವೃತ್ತಿಯಿಂದ ಆವೃತ್ತಿಗೆ ತಿದ್ದಿಕೊಂಡಿತು, ಚಿಪ್ ಕಂಪನಿಗಳ ಜೊತೆ ಕೂತು ಹೊಸ ಸೌಲಭ್ಯಗಳನ್ನು ಬೇಗ ತಂತು. ಓಪನ್‌ಜಿಎಲ್ ಮಂಡಳಿ ಅಷ್ಟು ಚುರುಕಾಗಿರಲಿಲ್ಲ. ಮೈಕ್ರೋಸಾಫ್ಟ್ 2003ರಲ್ಲಿ ಆ ಮಂಡಳಿ ಬಿಟ್ಟು ಹೊರನಡೆಯಿತು, 2006ರಲ್ಲಿ ಓಪನ್‌ಜಿಎಲ್ ಕ್ರೋನೋಸ್ ಗ್ರೂಪ್ ಅನ್ನೋ ಒಕ್ಕೂಟದ ಕೈಗೆ ಬಂತು. 2008ರ ಓಪನ್‌ಜಿಎಲ್ 3.0ರಲ್ಲಿ ಇಡೀ ವಿನ್ಯಾಸವನ್ನೇ ಹೊಸದಾಗಿ ಕಟ್ಟುತ್ತಾರೆ ಅನ್ನೋ ನಿರೀಕ್ಷೆ ಇತ್ತು. ಹಳೇ ತಂತ್ರಾಂಶಗಳಿಗೆ ಪೆಟ್ಟು ಬೀಳಬಾರದು ಅನ್ನೋ ಲೆಕ್ಕಾಚಾರದಲ್ಲಿ ಅದು ಆಗಲಿಲ್ಲ. 2011ರ ಹೊತ್ತಿಗೆ ಸ್ವತಃ ಕಾರ್ಮ್ಯಾಕ್ ಡೈರೆಕ್ಟ್‌ತ್ರೀಡಿಯೇ ಈಗ ಉತ್ತಮ ಎಪಿಐ ಅಂತ ಒಪ್ಪಿಕೊಂಡರು. ಮುಕ್ತ ಮಾನದಂಡ ಅನ್ನೋ ಹೆಸರಿದ್ದರೆ ಸಾಕಾಗಲ್ಲ. ಅದನ್ನು ನಡೆಸೋ ಸಂಸ್ಥೆ ಕೆಲಸ ಮಾಡಬೇಕು.

ಆದರೆ ಗೆದ್ದವರು ಗೆಲುವನ್ನು ಹೇಗೆ ಬಳಸಿಕೊಂಡರು ಅನ್ನೋದನ್ನೂ ನೋಡಬೇಕಲ್ಲ. ಡೈರೆಕ್ಟ್‌ಎಕ್ಸ್ 10 ಬೇಕು ಅಂದರೆ ವಿಂಡೋಸ್ ವಿಸ್ಟಾ ಹಾಕಲೇಬೇಕಿತ್ತು, ಎಕ್ಸ್‌ಪಿ ಇಟ್ಟುಕೊಂಡವರಿಗೆ ಅದು ಸಿಗಲಿಲ್ಲ. 2015ರಲ್ಲಿ ಬಂದ ಡೈರೆಕ್ಟ್‌ಎಕ್ಸ್ 12 ಕೂಡ ವಿಂಡೋಸ್ 10ಕ್ಕೆ ಮಾತ್ರ. ವಿಂಡೋಸ್ 7ರಲ್ಲಿ ಅದು ನಡೆಯೋಕೆ ತಾಂತ್ರಿಕವಾಗಿ ಸಾಧ್ಯವೇ ಇರಲಿಲ್ವಾ? 2019ರ ಮಾರ್ಚ್‌ನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಗೇಮಿಗಾಗಿ ಮೈಕ್ರೋಸಾಫ್ಟೇ ಡೈರೆಕ್ಟ್‌ತ್ರೀಡಿ 12 ಅನ್ನು ವಿಂಡೋಸ್ 7ಕ್ಕೆ ತಂದುಕೊಟ್ಟಿತು. ಉತ್ತರ ಅಲ್ಲೇ ಇದೆ.

ಎರಡನೇ ಸುತ್ತು: ಲೋ-ಲೆವೆಲ್ ಯಾಕೆ ಬೇಕಾಯಿತು?

ಅರ್ಜಿ ಬರೆಯೋರ ಹೋಲಿಕೆಗೆ ಮತ್ತೆ ಬರೋಣ. ಹಳೇ ಎಪಿಐಗಳಲ್ಲಿ ನೀವು ಅರ್ಧಂಬರ್ಧ ಹೇಳಿದರೂ ಡ್ರೈವರ್ ಊಹಿಸಿ ತುಂಬಿಕೊಳ್ಳುತ್ತಿತ್ತು. ಮೆಮೊರಿ ಎಲ್ಲಿಡಬೇಕು, ಯಾವ ಕೆಲಸ ಮುಗಿದ ಮೇಲೆ ಯಾವುದು ಶುರು ಆಗಬೇಕು, ತಪ್ಪಿದ್ದರೆ ಎಲ್ಲಿ ಹಿಡಿಯಬೇಕು, ಎಲ್ಲ ಅದರ ತಲೆಗೆ. ಅನುಕೂಲವೇ. ಆದರೆ ಪರದೆ ಮೇಲೆ ಒಂದೊಂದು ವಸ್ತು ಬರೆಯೋ ಆದೇಶ ಹೋದಾಗಲೂ ಡ್ರೈವರ್ ಎಲ್ಲವನ್ನೂ ಪರೀಕ್ಷೆ ಮಾಡಬೇಕು. ಗೇಮಿನ ಒಂದು ದೃಶ್ಯದಲ್ಲಿ ಅಂಥ ಆದೇಶಗಳು ಸಾವಿರಾರು. ಜೊತೆಗೆ ಆ ಕೆಲಸವೆಲ್ಲ ಬಹುಮಟ್ಟಿಗೆ ಪ್ರೊಸೆಸರಿನ ಒಂದೇ ಕೋರ್ ಮೇಲೆ ಬೀಳುತ್ತಿತ್ತು. ನಾಲ್ಕು, ಎಂಟು ಕೋರ್ ಇರೋ ಪ್ರೊಸೆಸರ್ ಕೊಂಡರೂ ಒಂದು ದುಡಿಯುತ್ತೆ, ಉಳಿದವು ಕಾಯ್ತಾ ಕೂತಿರುತ್ತವೆ. ಜಿಪಿಯು ಕೂಡ ಆದೇಶಕ್ಕಾಗಿ ಕಾಯ್ತಾ ಇರುತ್ತೆ.

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಕನ್ಸೋಲ್‌ಗಳಲ್ಲಿ ಈ ತೊಂದರೆ ಕಡಿಮೆ. ಯಂತ್ರ ಒಂದೇ ಥರದ್ದು, ಹಾಗಾಗಿ ಅಲ್ಲಿನ ಎಪಿಐಗಳು ಹಾರ್ಡ್‌ವೇರ್‌ಗೆ ತೀರಾ ಹತ್ತಿರ. ಪಿಸಿಗೂ ಹಾಗೆ ಕೊಡಿ ಅಂತ ಡೆವಲಪರುಗಳು ಕೇಳತೊಡಗಿದರು. 2013ರ ಸೆಪ್ಟೆಂಬರ್‌ನಲ್ಲಿ ಎಎಂಡಿ ಮ್ಯಾಂಟಲ್ ಘೋಷಿಸಿತು. ‘ಬ್ಯಾಟಲ್‌ಫೀಲ್ಡ್’ ಮಾಡುವ ಡೈಸ್ ಸ್ಟುಡಿಯೋ ಅದರ ಜೊತೆಗಿತ್ತು. ಮ್ಯಾಂಟಲ್ ಹೆಚ್ಚು ದಿನ ಬಾಳಲಿಲ್ಲ, ಆದರೆ ಎಲ್ಲರನ್ನೂ ಎಬ್ಬಿಸಿತು. 2014ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಡೈರೆಕ್ಟ್‌ಎಕ್ಸ್ 12 ಘೋಷಿಸಿತು. ಜೂನ್‌ನಲ್ಲಿ ಆಪಲ್ ಐಫೋನಿಗೆ ಮೆಟಲ್ ತಂತು, ಮರುವರ್ಷ ಮ್ಯಾಕ್‌ಗೂ ವಿಸ್ತರಿಸಿತು. ಎಎಂಡಿ ತನ್ನ ಮ್ಯಾಂಟಲ್ ಅನ್ನು ಕ್ರೋನೋಸ್‌ಗೆ ಕೊಟ್ಟುಬಿಟ್ಟಿತು. ಅದರ ಬುನಾದಿ ಮೇಲೆ ಎದ್ದು ನಿಂತ ವಲ್ಕನ್ 2016ರ ಫೆಬ್ರವರಿ 16ರಂದು ಬಿಡುಗಡೆ ಆಯಿತು. ಅದೇ ವರ್ಷದ ಜುಲೈನಲ್ಲಿ ‘ಡೂಮ್’ಗೆ ವಲ್ಕನ್ ಬೆಂಬಲ ಬಂದಾಗ, ಮುಖ್ಯವಾಗಿ ಎಎಂಡಿ ಕಾರ್ಡ್ ಇದ್ದವರಿಗೆ ವೇಗದ ವ್ಯತ್ಯಾಸ ಕಣ್ಣಿಗೆ ಕಾಣೋ ಹಾಗಿತ್ತು.

ಅಂದರೆ ಮೂರೂ ಲೋ-ಲೆವೆಲ್ ಎಪಿಐಗಳು ಎರಡು ವರ್ಷದ ಅಂತರದಲ್ಲಿ, ಹೆಚ್ಚುಕಡಿಮೆ ಒಂದೇ ಚಿಂತನೆಯಿಂದ ಬಂದವು. ಅವುಗಳ ನಡುವೆ ಇರೋ ದೊಡ್ಡ ವ್ಯತ್ಯಾಸ ಒಡೆತನದ್ದು. ಡೈರೆಕ್ಟ್‌ಎಕ್ಸ್ 12 ವಿಂಡೋಸ್ ಮತ್ತು ಎಕ್ಸ್‌ಬಾಕ್ಸ್‌ನದು. ಮೆಟಲ್ ಆಪಲ್ ಯಂತ್ರಗಳದು. ವಲ್ಕನ್ ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್‌ನಲ್ಲಿ ನಡೆಯುತ್ತೆ, ನಿಂಟೆಂಡೋ ಸ್ವಿಚ್ ಕೂಡ ಬೆಂಬಲಿಸುತ್ತೆ. ಸೋನಿಗೆ ತನ್ನದೇ ಬೇರೆ ಇದೆ.

ಶ್ರಮ ಯಾರ ತಲೆ ಮೇಲೆ ಹೋಯಿತು?

ಹಳೇ ಓಪನ್‌ಜಿಎಲ್‌ನಲ್ಲಿ ಪರದೆ ಮೇಲೆ ಒಂದು ತ್ರಿಕೋನ ಬರೆಯೋಕೆ ಹತ್ತಾರು ಸಾಲು ಕೋಡ್ ಸಾಕು. ವಲ್ಕನ್‌ನಲ್ಲಿ ಅದೇ ತ್ರಿಕೋನಕ್ಕೆ ಸಾವಿರದ ಹತ್ತಿರ ಸಾಲು ಬೇಕು. ಯಾವ ಜಿಪಿಯು, ಯಾವ ಸರತಿ, ಎಷ್ಟು ಮೆಮೊರಿ, ಯಾವ ಹಂತ ಮುಗಿದ ಮೇಲೆ ಯಾವುದು, ಎಲ್ಲ ನೀವೇ ಬರೆದು ಕೊಡಬೇಕು. ಒಂದು ಕಡೆ ತಪ್ಪಿದರೂ ಕೆಲವೊಮ್ಮೆ ಒಂದು ಕಾರ್ಡಿನಲ್ಲಿ ಸರಿಯಾಗಿ ನಡೆದು ಇನ್ನೊಂದರಲ್ಲಿ ಕಪ್ಪು ಪರದೆ ಬರುತ್ತೆ.

ಇದನ್ನು ನಾನು ಶ್ರಮದ ಮರುಹಂಚಿಕೆ ಅಂತ ನೋಡ್ತೇನೆ. ಮೊದಲು ಡ್ರೈವರ್ ತಂಡಗಳು, ಅಂದರೆ ಚಿಪ್ ಕಂಪನಿಗಳ ಸಂಬಳದ ಇಂಜಿನಿಯರುಗಳು ಮಾಡುತ್ತಿದ್ದ ಕೆಲಸ ಈಗ ಗೇಮ್ ಸ್ಟುಡಿಯೋದ ಹೆಗಲಿಗೆ ಬಂದಿದೆ. ನೂರಾರು ಜನರ ಸ್ಟುಡಿಯೋಗೆ ಇದು ಸ್ವಾತಂತ್ರ್ಯ. ಐದು ಜನರ ತಂಡಕ್ಕೆ ಹೊರೆ.

ಅದರ ಪರಿಣಾಮ ಆಟಗಾರರ ಮೇಲೂ ಬೀಳುತ್ತೆ. ಹೊಸ ಗೇಮ್ ಶುರು ಮಾಡಿದಾಗ ‘ಶೇಡರ್‌ಗಳು ಸಿದ್ಧವಾಗುತ್ತಿವೆ’ ಅಂತ ಕಾಯಿಸೋದು, ಆಟದ ಮಧ್ಯೆ ಹೊಸ ಜಾಗಕ್ಕೆ ಕಾಲಿಟ್ಟ ತಕ್ಷಣ ಚಿತ್ರ ಒಂದು ಕ್ಷಣ ಗಕ್ಕನೆ ನಿಲ್ಲೋದು ನಿಮಗೂ ಅನುಭವ ಆಗಿರಬೇಕು. ಶೇಡರ್ ಅಂದರೆ ಜಿಪಿಯು ಮೇಲೆ ನಡೆಯೋ ಸಣ್ಣ ಪ್ರೋಗ್ರಾಂ. ಹೊಸ ಎಪಿಐಗಳಲ್ಲಿ ಅದರ ಜೊತೆಗಿನ ಎಲ್ಲ ಸೆಟ್ಟಿಂಗ್‌ಗಳನ್ನೂ ಒಟ್ಟುಗೂಡಿಸಿ ಮೊದಲೇ ಕಂಪೈಲ್ ಮಾಡಿ ಇಟ್ಟುಕೊಳ್ಳಬೇಕು. ಕನ್ಸೋಲ್‌ನಲ್ಲಿ ಚಿಪ್ ಒಂದೇ, ಹಾಗಾಗಿ ಸ್ಟುಡಿಯೋದವರೇ ಅದನ್ನು ಮುಗಿಸಿ ಕಳಿಸ್ತಾರೆ. ಪಿಸಿಯಲ್ಲಿ ಚಿಪ್ ನೂರೆಂಟು ಥರ, ಆ ಕೆಲಸ ನಿಮ್ಮ ಮನೆಯ ಯಂತ್ರದಲ್ಲೇ ಆಗಬೇಕು. 2023ರಲ್ಲಿ ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಪಿಸಿಗೆ ಬಂದಾಗ ಆಟಗಾರರು ಈ ಕಾಯುವಿಕೆ ಬಗ್ಗೆ ಬೇಸರ ಹೊರಹಾಕಿದ್ದು ದೊಡ್ಡ ಸುದ್ದಿಯಾಗಿತ್ತು.

ಹೊರೆ ಹೊರಲಾಗದವರು ಏನು ಮಾಡ್ತಾರೆ? ಗೇಮ್ ಇಂಜಿನ್ ಮೊರೆ ಹೋಗ್ತಾರೆ. ಯೂನಿಟಿ, ಅನ್‌ರಿಯಲ್ ಇಂಥವು ಮೂರೂ ಎಪಿಐಗಳ ತೊಡಕನ್ನು ತಮ್ಮೊಳಗೆ ಮುಚ್ಚಿಟ್ಟು ಸುಲಭದ ಮುಖ ತೋರಿಸುತ್ತವೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ತಂದ ‘ರಾಜಿ’ ಅನ್‌ರಿಯಲ್ ಮೇಲೆಯೇ ಕಟ್ಟಿದ್ದು. ಸಣ್ಣ ತಂಡವೊಂದು ಅಷ್ಟು ಚಂದದ ಆಟ ಮಾಡೋಕಾಗಿದ್ದಕ್ಕೆ ಇಂಜಿನ್‌ನ ಕೊಡುಗೆ ದೊಡ್ಡದು.

ಆದರೆ ಅಧಿಕಾರ ಒಂದು ಮಹಡಿ ಮೇಲೆ ಹೋಯಿತು, ಅಷ್ಟೇ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ, ಗೇಮ್ ಇನ್‌ಸ್ಟಾಲ್ ಆದ ಲೆಕ್ಕದಲ್ಲಿ ಶುಲ್ಕ ಹಾಕ್ತೇವೆ ಅಂತ ಘೋಷಿಸಿತು. ವರ್ಷಗಟ್ಟಲೆ ಆ ಇಂಜಿನ್ ಮೇಲೆ ಕೆಲಸ ಮಾಡಿದವರಿಗೆ ರಾತ್ರೋರಾತ್ರಿ ಲೆಕ್ಕವೇ ಬುಡಮೇಲಾಯಿತು. ಭಾರಿ ವಿರೋಧ ಬಂದ ಮೇಲೆ ಮೊದಲು ಸಡಿಲಿಸಿ, 2024ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಕೈಬಿಟ್ಟಿತು. ಡೆವಲಪರುಗಳು ಒಗ್ಗಟ್ಟಾಗಿ ಕೂಗಿದ್ದರಿಂದ ಗೆದ್ದರು. ಆದರೆ ಪ್ರತಿ ಸಲ ಕೂಗಿಯೇ ಉಳಿಸಿಕೊಳ್ಳಬೇಕಾದ ಹಕ್ಕು ಎಷ್ಟು ಗಟ್ಟಿ?

ಆಪಲ್ ಹಠ

ಮೆಟಲ್ ಬಗ್ಗೆ ಆಪಲ್ ಪರವಾಗಿ ಹೇಳಬಹುದಾದ ಒಂದು ಮಾತಿದೆ: ಅದು ವಲ್ಕನ್‌ಗಿಂತ ಮೊದಲೇ ಬಂತು, ಬಳಸೋಕೂ ಸುಲಭ. ಒಪ್ಪೋಣ. ಆದರೆ ವಲ್ಕನ್ ಬಂದ ಮೇಲೂ ಆಪಲ್ ಅದನ್ನು ತನ್ನ ಯಂತ್ರಗಳಿಗೆ ಬಿಟ್ಟುಕೊಳ್ಳಲಿಲ್ಲ. ಮ್ಯಾಕ್‌ನ ಓಪನ್‌ಜಿಎಲ್ 2013ರಿಂದ 4.1ರಲ್ಲೇ ನಿಂತಿತ್ತು. 2018ರ ಜೂನ್‌ನಲ್ಲಿ ಓಪನ್‌ಜಿಎಲ್ ಮತ್ತು ಓಪನ್‌ಸಿಎಲ್ ಎರಡನ್ನೂ ‘ಇನ್ನು ಬಳಸಬೇಡಿ’ ಪಟ್ಟಿಗೆ ಹಾಕಿತು. ಓಪನ್‌ಸಿಎಲ್ ಹುಟ್ಟುಹಾಕಿ ಕ್ರೋನೋಸ್‌ಗೆ ಒಪ್ಪಿಸಿದ್ದು ಇದೇ ಆಪಲ್ ಅನ್ನೋದನ್ನು ನೆನಪಿಡಿ. 2019ರಲ್ಲಿ ಮ್ಯಾಕ್‌ನಿಂದ 32-ಬಿಟ್ ಬೆಂಬಲವನ್ನೂ ತೆಗೆದಾಗ ಜನ ದುಡ್ಡು ಕೊಟ್ಟು ಕೊಂಡಿದ್ದ ಎಷ್ಟೋ ಹಳೇ ಗೇಮ್‌ಗಳು ಹೊಸ ಮ್ಯಾಕ್‌ಓಎಸ್‌ನಲ್ಲಿ ತೆರೆಯದಾದವು.

ಇದರ ರಾಜಕೀಯ ಇನ್ನೂ ಸ್ಪಷ್ಟವಾಗಿ ಕಂಡಿದ್ದು 2020ರ ಆಗಸ್ಟ್‌ನಲ್ಲಿ. ‘ಫೋರ್ಟ್‌ನೈಟ್’ ಪಾವತಿ ಜಗಳದಲ್ಲಿ ಆಪಲ್ ಆ ಗೇಮನ್ನು ಆಪ್ ಸ್ಟೋರ್‌ನಿಂದ ತೆಗೆಯಿತು. ಅಷ್ಟಕ್ಕೇ ನಿಲ್ಲದೆ ಎಪಿಕ್‌ನ ಡೆವಲಪರ್ ಖಾತೆಗಳನ್ನೇ ರದ್ದು ಮಾಡಲು ಹೊರಟಿತು. ಹಾಗಾಗಿದ್ದರೆ ಆಪಲ್ ಯಂತ್ರಗಳಲ್ಲಿ ಅನ್‌ರಿಯಲ್ ಇಂಜಿನ್ ಬೆಳೆಸೋದೇ ನಿಂತುಹೋಗುತ್ತಿತ್ತು, ಆ ಜಗಳಕ್ಕೆ ಸಂಬಂಧವೇ ಇಲ್ಲದ ಸಾವಿರಾರು ಡೆವಲಪರುಗಳಿಗೂ ಏಟು ಬೀಳುತ್ತಿತ್ತು. ಅಮೆರಿಕದ ನ್ಯಾಯಾಲಯ ಅನ್‌ರಿಯಲ್ ಮಟ್ಟಿಗೆ ಅದನ್ನು ತಡೆಯಿತು. ಒಡೆತನ ಒಬ್ಬರ ಕೈಯಲ್ಲಿದ್ದರೆ ಏನಾಗಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಬೇಕಿಲ್ಲ.

ಲಿನಕ್ಸ್ ಹಿಡಿದ ಅಡ್ಡದಾರಿ

ನನಗೆ ತುಂಬಾ ಇಷ್ಟವಾದ ಅಧ್ಯಾಯ ಇದು. 2012ರಲ್ಲಿ ವಾಲ್ವ್ ಕಂಪನಿಯ ಗೇಬ್ ನ್ಯೂವೆಲ್, ವಿಂಡೋಸ್ 8 ಪಿಸಿ ಲೋಕಕ್ಕೆ ಅನಾಹುತ ತರುತ್ತೆ ಅಂದರು. ಮೈಕ್ರೋಸಾಫ್ಟ್ ತನ್ನದೇ ಅಂಗಡಿ ತೆರೆದು ಸ್ಟೀಮ್ ಅನ್ನು ಹೊರಗಿಡಬಹುದು ಅನ್ನೋ ಭಯ ಅದರ ಹಿಂದಿತ್ತು. ಅಂದರೆ ಇದು ಸಮಾಜಸೇವೆ ಅಲ್ಲ, ಒಂದು ದೊಡ್ಡ ಕಂಪನಿಗೆ ಇನ್ನೊಂದು ದೊಡ್ಡ ಕಂಪನಿಯ ಭಯ. ಅದೇ ವರ್ಷ ವಾಲ್ವ್ ‘ಲೆಫ್ಟ್ 4 ಡೆಡ್ 2’ ಗೇಮನ್ನು ಲಿನಕ್ಸ್‌ಗೆ ತಂದು ಅಳೆದಾಗ, ವಿಂಡೋಸ್‌ನಲ್ಲಿ ಸೆಕೆಂಡಿಗೆ 270.6 ಫ್ರೇಮ್ ಬಂದರೆ ಲಿನಕ್ಸ್‌ನಲ್ಲಿ 315 ಬಂತು. ಅಂದರೆ ತಡೆ ಇದ್ದಿದ್ದು ಯಂತ್ರದ ಶಕ್ತಿಯಲ್ಲಿ ಅಲ್ಲ. 2015ರಲ್ಲಿ ‘ಸ್ಟೀಮ್ ಮೆಷಿನ್’ ಅನ್ನೋ ಲಿನಕ್ಸ್ ಪೆಟ್ಟಿಗೆಗಳು ಬಂದವು, ಸೋತವು. ಯಾಕಂದ್ರೆ ಸ್ಟುಡಿಯೋಗಳು ಡೈರೆಕ್ಟ್‌ತ್ರೀಡಿ ಬಿಟ್ಟು ಲಿನಕ್ಸ್‌ಗೆ ಅಂತ ಮತ್ತೆ ಬರೆಯೋಕೆ ತಯಾರಿರಲಿಲ್ಲ.

ಆಗ ತಂತ್ರ ತಿರುಗಿತು. ಸ್ಟುಡಿಯೋಗಳನ್ನು ಬೇಡೋ ಬದಲು ಡೈರೆಕ್ಟ್‌ತ್ರೀಡಿಯನ್ನೇ ವಲ್ಕನ್‌ಗೆ ಅನುವಾದಿಸೋಣ ಅಂತ. ಫಿಲಿಪ್ ರೆಬೋಲೆ ಅನ್ನೋ ಡೆವಲಪರ್ ತನಗಿಷ್ಟವಾದ ‘ನಿಯರ್: ಆಟೋಮೇಟಾ’ ಗೇಮನ್ನು ಲಿನಕ್ಸ್‌ನಲ್ಲಿ ಆಡೋಕೆ ಅಂತ ಶುರು ಮಾಡಿದ ಡಿಎಕ್ಸ್‌ವಿಕೆ ಯೋಜನೆಗೆ ವಾಲ್ವ್ ಬೆಂಬಲ ಕೊಟ್ಟಿತು. ಅದನ್ನು, 1993ರಿಂದ ನಡೆದುಕೊಂಡು ಬಂದಿರೋ ವೈನ್ ಯೋಜನೆ ಜೊತೆ ಸೇರಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಹೊರಬಂತು. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಲಿನಕ್ಸ್ ಮೇಲೆ ನಡೆಯುತ್ತೆ, ಆದರೆ ಅದರಲ್ಲಿ ಓಡುವ ಹೆಚ್ಚಿನ ಗೇಮುಗಳು ವಿಂಡೋಸ್‌ಗೆ ಬರೆದವು. ಆಟಗಾರನಿಗೆ ವ್ಯತ್ಯಾಸ ಗೊತ್ತೇ ಆಗಲ್ಲ. ವಲ್ಕನ್ ಲೋ-ಲೆವೆಲ್ ಆಗಿರೋದರಿಂದಲೇ ಈ ಅನುವಾದ ಇಷ್ಟು ಹಗುರವಾಗಿ ನಡೆಯೋದು. ಗೇಮ್ ಬರೆಯೋರಿಗೆ ಹೊರೆ ಅನ್ನಿಸಿದ ಗುಣವೇ ಅನುವಾದಕರಿಗೆ ವರವಾಯಿತು.

ಇಲ್ಲೊಂದು ಕಾನೂನಿನ ಎಳೆ ಇದೆ. ಇನ್ನೊಬ್ಬರ ಎಪಿಐಯನ್ನು ಅನುಕರಿಸಿ ಮತ್ತೆ ಬರೆಯೋದು ಕಳ್ಳತನವಾ? ಜಾವಾ ಎಪಿಐ ಕುರಿತ ಒರಾಕಲ್ ಮತ್ತು ಗೂಗಲ್ ವ್ಯಾಜ್ಯದಲ್ಲಿ 2021ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6–2 ಬಹುಮತದಲ್ಲಿ, ಗೂಗಲ್ ಬಳಸಿಕೊಂಡಿದ್ದು ನ್ಯಾಯಯುತ ಬಳಕೆ ಅಂತ ಹೇಳಿತು. ಎಪಿಐಗೆ ಕೃತಿಸ್ವಾಮ್ಯ ಇದೆಯೋ ಇಲ್ಲವೋ ಅನ್ನೋ ಮೂಲ ಪ್ರಶ್ನೆಯನ್ನು ಮಾತ್ರ ಕೋರ್ಟ್ ತೀರ್ಮಾನಿಸದೆ ಬಿಟ್ಟಿತು. ತೀರ್ಪು ಉಲ್ಟಾ ಬಂದಿದ್ದರೆ ಇಂಥ ಅನುವಾದ ಯೋಜನೆಗಳ ಮೇಲೂ ಕತ್ತಿ ತೂಗುತ್ತಿತ್ತು.

ಹಾಗಂತ ಬಾಗಿಲು ಪೂರ್ತಿ ತೆರೆದಿಲ್ಲ. ಮೋಸ ತಡೆಯೋ ಆ್ಯಂಟಿ-ಚೀಟ್ ತಂತ್ರಾಂಶದ ಕಾರಣ ‘ವ್ಯಾಲರಂಟ್’, ‘ಫೋರ್ಟ್‌ನೈಟ್’ ಲಿನಕ್ಸ್‌ನಲ್ಲಿ ನಡೆಯಲ್ಲ. ‘ಏಪೆಕ್ಸ್ ಲೆಜೆಂಡ್ಸ್’ 2024ರ ಅಕ್ಟೋಬರ್ ಕೊನೆಗೆ ಲಿನಕ್ಸ್ ಬೆಂಬಲ ನಿಲ್ಲಿಸಿತು. ಜೊತೆಗೆ ಲಿನಕ್ಸ್ ಗೇಮಿಂಗ್ ಇವತ್ತು ನಿಂತಿರೋದು ಮೈಕ್ರೋಸಾಫ್ಟ್ ಬರೆದ ಎಪಿಐ ಮೇಲೆ. ಅದು ದಿಕ್ಕು ಬದಲಿಸಿದಾಗಲೆಲ್ಲ ಇವರು ಹಿಂದೆ ಓಡಬೇಕು.

ನಮ್ಮ ಫೋನು, ನಮ್ಮ ಊರು

ಭಾರತದಲ್ಲಿ ಗೇಮಿಂಗ್ ಅಂದರೆ ಮುಖ್ಯವಾಗಿ ಆಂಡ್ರಾಯ್ಡ್ ಫೋನ್. 2016ರ ಆಂಡ್ರಾಯ್ಡ್ 7.0 ಇಂದಲೇ ವಲ್ಕನ್ ಇದೆ, 2025ರಲ್ಲಿ ಗೂಗಲ್ ಅದನ್ನೇ ಆಂಡ್ರಾಯ್ಡ್‌ನ ಅಧಿಕೃತ ಗ್ರಾಫಿಕ್ಸ್ ಎಪಿಐ ಅಂತ ಘೋಷಿಸಿತು. ಒಳ್ಳೇ ಸುದ್ದಿ. ಆದರೆ ಪಿಸಿಯಲ್ಲಿ ಹೊಸ ಡ್ರೈವರ್ ಬೇಕಾದರೆ ಚಿಪ್ ಕಂಪನಿಯ ತಾಣದಿಂದ ನೀವೇ ಇಳಿಸಿಕೊಳ್ತೀರಿ. ಫೋನಿನಲ್ಲಿ ಅದು ಸಾಮಾನ್ಯವಾಗಿ ಫೋನ್ ಕಂಪನಿ ಕಳಿಸೋ ಸಿಸ್ಟಂ ಅಪ್‌ಡೇಟ್ ಜೊತೆಗೇ ಬರಬೇಕು. ಕಡಿಮೆ ಬೆಲೆಯ ಫೋನುಗಳಿಗೆ ಅಪ್‌ಡೇಟ್ ಬೇಗ ನಿಂತುಹೋಗುತ್ತೆ, ಹಳೇ ಡ್ರೈವರ್‌ನ ದೋಷಗಳು ಹಾಗೇ ಉಳಿಯುತ್ತವೆ. ಆದ್ದರಿಂದ ಸ್ಟುಡಿಯೋಗಳು ಹಳೇ ಓಪನ್‌ಜಿಎಲ್ ಇಎಸ್ ದಾರಿಯನ್ನೂ ಇಟ್ಟುಕೊಳ್ಳಬೇಕಾಗುತ್ತೆ, ಇಲ್ಲವೇ ಆ ಫೋನುಗಳನ್ನು ಕೈಬಿಡಬೇಕಾಗುತ್ತೆ. ಮಾನದಂಡ ಮುಕ್ತ ಇದ್ದರೂ ಅದರ ಫಲ ಹತ್ತು ಸಾವಿರದ ಫೋನಿಗೂ ಎಂಬತ್ತು ಸಾವಿರದ ಫೋನಿಗೂ ಒಂದೇ ಥರ ಸಿಗಲ್ಲ.

ಕರ್ನಾಟಕಕ್ಕೆ ಈ ಕತೆಯಲ್ಲಿ ಜಾಗ ಇದೆ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರ್‌ನಲ್ಲಿ ತೆರೆದಿದ್ದು ಬೆಂಗಳೂರಿನಲ್ಲಿ. ಇಂಟೆಲ್, ಎನ್ವಿಡಿಯಾ, ಕ್ವಾಲ್ಕಾಮ್ ಕೇಂದ್ರಗಳೂ ಇಲ್ಲಿವೆ. ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಅಂತ 2012ರಲ್ಲೇ ಎವಿಜಿಸಿ ನೀತಿ ತಂದ ರಾಜ್ಯ ನಮ್ಮದು, 2024ರಲ್ಲಿ ಅದರ ಮೂರನೇ ಆವೃತ್ತಿಯೂ ಬಂತು. ಸಾರ್ವಜನಿಕ ಹಣದಲ್ಲಿ ನಡೆಯೋ ತರಬೇತಿಗಳು ಮಕ್ಕಳನ್ನು ಒಂದೆರಡು ವಿದೇಶಿ ಕಂಪನಿಯ ಇಂಜಿನ್‌ಗೆ ಮಾತ್ರ ಪಳಗಿಸಿದರೆ, ನಾವು ಕೌಶಲದ ಹೆಸರಲ್ಲಿ ಆ ಕಂಪನಿಗಳಿಗೆ ಗಿರಾಕಿ ತಯಾರು ಮಾಡಿಕೊಟ್ಟ ಹಾಗೆ. ಗೋಡೋ ಅನ್ನೋ ಮುಕ್ತ ಇಂಜಿನ್ ಇದೆ. 2023ರ ಮಾರ್ಚ್‌ನ 4.0 ಆವೃತ್ತಿಯಲ್ಲಿ ವಲ್ಕನ್ ಮೇಲೆ ಹೊಸದಾಗಿ ಕಟ್ಟಿಕೊಂಡಿತು. ಆಮೇಲೆ ಡೈರೆಕ್ಟ್‌ತ್ರೀಡಿ 12, ಮೆಟಲ್ ಬೆಂಬಲವನ್ನೂ ಸೇರಿಸಬೇಕಾಯಿತು. ಸ್ವಯಂಸೇವಕರು ಮತ್ತು ದೇಣಿಗೆ ಮೇಲೆ ನಡೆಯೋ ಯೋಜನೆ ಕೂಡ ಒಂದೇ ಕೆಲಸವನ್ನು ಮೂರು ಸಲ ಮಾಡಬೇಕು. ಗೋಡೆ ಕಟ್ಟೋರು ಕಂಪನಿಗಳು, ಅದರ ಖರ್ಚು ಎಲ್ಲರದ್ದು.

ಹಾಗಾದರೆ ವಲ್ಕನ್ ಜನರದ್ದಾ?

ಪೂರ್ತಿ ಅಲ್ಲ. ಕ್ರೋನೋಸ್‌ನ ಸದಸ್ಯರು ನೂರಕ್ಕೂ ಹೆಚ್ಚು ಸಂಸ್ಥೆಗಳು, ಹೆಚ್ಚಿನವು ದೊಡ್ಡ ಕಂಪನಿಗಳೇ. ಆಪಲ್ ಕೂಡ ಅದರಲ್ಲಿದೆ! ಆಟಗಾರರ ಪ್ರತಿನಿಧಿ ಅಂತ ಅಲ್ಲಿ ಯಾರೂ ಇಲ್ಲ. ಆದರೂ ಒಂದು ಗಟ್ಟಿ ವ್ಯತ್ಯಾಸ ಇದೆ. ವಲ್ಕನ್‌ನ ನಿಯಮಪುಸ್ತಕ ಯಾರು ಬೇಕಾದರೂ ಓದಬಹುದು, ರಾಯಧನ ಕೊಡದೆ ಅಳವಡಿಸಬಹುದು, ಪರೀಕ್ಷಾ ಕೋಡ್ ಕೂಡ ಮುಕ್ತವಾಗಿದೆ. ಆಪಲ್ ಮ್ಯಾಕ್‌ಗಳಿಗೆ ಲಿನಕ್ಸ್ ತಂದ ಅಸಾಹಿ ಯೋಜನೆಯವರು, ಆಪಲ್ ಯಾವ ದಾಖಲೆಯನ್ನೂ ಕೊಡದಿದ್ದರೂ, 2024ರಲ್ಲಿ ಆಪಲ್ ಚಿಪ್ಪಿಗೇ ಮಾನ್ಯತೆ ಪಡೆದ ವಲ್ಕನ್ ಡ್ರೈವರ್ ಬರೆದರು. ಮುಕ್ತ ನಿಯಮಪುಸ್ತಕ ಇದ್ದಿದ್ದರಿಂದ ಆ ಕೆಲಸಕ್ಕೆ ಒಂದು ಗುರಿ ಇತ್ತು. ಮೈಕ್ರೋಸಾಫ್ಟ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ, ಮುಂದಿನ ಡೈರೆಕ್ಟ್‌ಎಕ್ಸ್ ಶೇಡರ್‌ಗಳಿಗೆ ವಲ್ಕನ್ ಬಳಸೋ ಸ್ಪಿರ್-ವಿ ರೂಪವನ್ನೇ ತೆಗೆದುಕೊಳ್ತೇವೆ ಅಂತ ಹೇಳಿದೆ. ಬ್ರೌಸರ್‌ನಲ್ಲಿ ನಡೆಯೋ ವೆಬ್‌ಜಿಪಿಯು 2023ರಲ್ಲಿ ಕ್ರೋಮ್‌ಗೆ ಬಂತು. ಒಂದು ಸಲ ಬರೆದರೆ ಒಳಗೆ ಅದು ವಿಂಡೋಸ್‌ನಲ್ಲಿ ಡೈರೆಕ್ಟ್‌ತ್ರೀಡಿ, ಮ್ಯಾಕ್‌ನಲ್ಲಿ ಮೆಟಲ್, ಆಂಡ್ರಾಯ್ಡ್‌ನಲ್ಲಿ ವಲ್ಕನ್ ಬಳಸಿಕೊಳ್ಳುತ್ತೆ. ಗೋಡೆಗಳು ಕರಗುತ್ತಿವೆ ಅನ್ನಲಾರೆ. ಅಲ್ಲಲ್ಲಿ ಕಿಟಕಿ ಬೀಳ್ತಾ ಇದೆ.

ನನ್ನ ನಿಲುವು ಇಷ್ಟು. ಕಂಪನಿಗಳು ತಮ್ಮದೇ ಎಪಿಐ ಮಾಡಿಕೊಳ್ಳಲಿ, ಅದರಿಂದ ಪೈಪೋಟಿ ಬರುತ್ತೆ. ಮ್ಯಾಂಟಲ್ ಇಲ್ಲದಿದ್ದರೆ ವಲ್ಕನ್ ಇರುತ್ತಿರಲಿಲ್ಲ. ಆದರೆ ಯಂತ್ರ ಮಾರೋರು ಮುಕ್ತ ಮಾನದಂಡಕ್ಕೂ ಅದರಲ್ಲಿ ಜಾಗ ಕೊಡಬೇಕು. ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದಾಗ ಚರ್ಚೆ ನಡೆದಿದ್ದು ಆಪ್ ಸ್ಟೋರ್, ಸರ್ಚ್, ಬ್ರೌಸರ್ ಸುತ್ತ. ಅದೇ ಪ್ರಶ್ನೆಯನ್ನು ಒಂದು ಪದರ ಕೆಳಗೂ ಕೇಳಬೇಕು: ನಾನು ಕೊಂಡ ಚಿಪ್ಪಿನ ಜೊತೆ ಮುಕ್ತ ಭಾಷೆಯಲ್ಲಿ ಮಾತಾಡೋ ಹಕ್ಕು ನನಗಿದೆಯಾ? ರಾಜ್ಯದ ಎವಿಜಿಸಿ ತರಬೇತಿ ಪಠ್ಯದಲ್ಲಿ ಗೋಡೋ, ವಲ್ಕನ್ ಇದೆಯಾ ಅಂತ ಕಾಲೇಜಿನಲ್ಲಿ ಓದ್ತಿರೋರು ಇವತ್ತೇ ಕೇಳಬಹುದು. ಡ್ರೈವರ್ ಅಪ್‌ಡೇಟ್ ಎಷ್ಟು ವರ್ಷ ಕೊಡ್ತೀರಿ ಅಂತ ಫೋನ್ ಕೊಳ್ಳೋ ಮೊದಲು ಅಂಗಡಿಯಲ್ಲೂ ಕೇಳಬಹುದು. ಅಂಗಡಿಯವನಿಗೆ ಉತ್ತರ ಗೊತ್ತಿರಲ್ಲ, ನಿಜ. ಆದರೆ ನೂರು ಜನ ಕೇಳಿದರೆ ಆ ಪ್ರಶ್ನೆ ಕಂಪನಿಯವರೆಗೂ ಹೋಗುತ್ತೆ.